ಜುಲೈನಲ್ಲಿ ಗ್ರ್ಯಾಂಡ್ ಕ್ಯಾನಿಯನ್‌: ಅಪ್ಪ ಅಮ್ಮನ ಜೊತೆ ಇಳಿಯಬಹುದಾ?

ಪ್ರಶ್ನೆ: ಮುಂದಿನ ತಿಂಗಳು ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ ಕಂದರದ ದಕ್ಷಿಣ ಅಂಚಿಗೆ (ಸೌತ್ ರಿಮ್) ಹೊರಟಿದ್ದೇವೆ. ಅಲ್ಲಿಂದ ಕಂದರದೊಳಗೆ ಇಳಿಯುವ ಬ್ರೈಟ್ ಏಂಜಲ್ ಕಾಲುದಾರಿಯಲ್ಲಿ ಸ್ವಲ್ಪ ಇಳಿದು ಬರುವ ಆಸೆ. ಅಪ್ಪನಿಗೆ ಬಿಪಿ ಇದೆ. ಹೋಗಿ ಬಂದವರು ಹೇಳಿ.

ಉತ್ತರ: ಮೇಲೆ ನಿಂತಾಗ ಬೀಸುವ ತಂಪು ಗಾಳಿಯನ್ನು ನಂಬಬೇಡಿ. ಅಲ್ಲಿ ನೀವು ಸುಮಾರು 2,100 ಮೀಟರ್ ಎತ್ತರದಲ್ಲಿರುತ್ತೀರಿ. ಇಳಿದಷ್ಟೂ ಕಾವು ಜಾಸ್ತಿ, ಬೇಸಿಗೆಯಲ್ಲಿ ತಳದಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಬೆಟ್ಟ ಹತ್ತುವಾಗ ಸುಸ್ತಾದರೆ ವಾಪಸ್ ಇಳಿದುಬಿಡಬಹುದು. ಇಲ್ಲಿ ಸುಸ್ತಾದ ಮೇಲೇ ಹತ್ತುವ ಕೆಲಸ ಶುರು! ಇಳಿಯಲು ಒಂದು ಗಂಟೆ ಆದರೆ ಹತ್ತಲು ಎರಡು ಗಂಟೆ ಇಟ್ಟುಕೊಳ್ಳಿ. ಬೆಳಕು ಹರಿಯುವಾಗಲೇ ಹೊರಡಿ, 10ರ ಒಳಗೆ ಮೇಲಿರಿ. 10ರಿಂದ 4ರವರೆಗೆ ಬಿಸಿಲಲ್ಲಿ ನಡೆಯಬೇಡಿ ಅಂತ ಪಾರ್ಕಿನ ಸಿಬ್ಬಂದಿ (ರೇಂಜರ್‌ಗಳು) ಕೂಡ ಹೇಳುತ್ತಾರೆ. ಒಂದೂವರೆ ಮೈಲಿಗೆ ಮೊದಲ ತಂಗುದಾಣ ಸಿಗುತ್ತದೆ. ಹಿರಿಯರಿಗೆ ಅದೇ ಜಾಸ್ತಿ, ಅದಕ್ಕೂ ಮುಂಚೆ ತಿರುಗಿದರೂ ನಷ್ಟವೇನಿಲ್ಲ. ಅಲ್ಲಿ ನಲ್ಲಿ ಇದೆ, ಆದರೆ ಪೈಪ್ ಒಡೆದು ನೀರು ನಿಲ್ಲುವುದೂ ಉಂಟು. ಅವತ್ತು ಬೆಳಗ್ಗೆಯೇ ವಿಚಾರಿಸಿಕೊಳ್ಳಿ. ತಳದಲ್ಲಿರುವ ನದಿವರೆಗೆ ಹೋಗಿ ಒಂದೇ ದಿನದಲ್ಲಿ ಬರುವ ಯೋಚನೆಯಂತೂ ಬೇಡವೇ ಬೇಡ.

ಇನ್ನೊಬ್ಬರು: ನೀರಿನ ಜೊತೆ ಉಪ್ಪೂ ಬೇಕು, ಇದನ್ನು ಯಾರೂ ಹೇಳಲ್ಲ. ಗಾಳಿ ಎಷ್ಟು ಒಣ ಅಂದರೆ ಬೆವರಿದ್ದೇ ತಿಳಿಯಲ್ಲ. ಮೈ ಒದ್ದೆ ಇರಲ್ಲ, ಆದರೆ ಅಂಗಿಯ ಕಾಲರ್ ಮೇಲೆ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದು ತಲೆನೋವು, ವಾಂತಿ, ಮಂಕು ಶುರುವಾಗುತ್ತದೆ. ನಡುನಡುವೆ ಉಪ್ಪಿನ ತಿಂಡಿ ಕೊಡಿ. ಕೆಲವು ಬಿಪಿ ಮಾತ್ರೆ ಮೂತ್ರ ಜಾಸ್ತಿ ಮಾಡುತ್ತವೆ, ಹಾಗಾಗಿ ನೀರು, ಉಪ್ಪು ಎರಡರ ಬಗ್ಗೆಯೂ ಅಪ್ಪನ ಡಾಕ್ಟರನ್ನು ಮೊದಲೇ ಕೇಳಿ. ನಲ್ಲಿ ಸಿಕ್ಕಲ್ಲೆಲ್ಲ ಟೋಪಿ, ಅಂಗಿ ತೋಯಿಸಿಕೊಳ್ಳಿ. ಯಾರಾದರೂ ತೊದಲಿದರೆ, ತಡವರಿಸಿದರೆ ನೆರಳಲ್ಲಿ ಕೂರಿಸಿ, ಮೈ ತೋಯಿಸಿ, ಸಹಾಯಕ್ಕೆ ಕರೆಯಿರಿ.

ಮತ್ತೊಬ್ಬರು: ಅಳಿಲಿಗೆ ತಿಂಡಿ ಹಾಕಬೇಡಿ, ಕಚ್ಚುತ್ತವೆ! ಹೇಸರಗತ್ತೆಗಳ ಸಾಲು ಬಂದರೆ ಗುಡ್ಡದ ಬದಿಗೆ ಒತ್ತಿ ನಿಲ್ಲಿ, ಕಂದರದ ಬದಿಗಲ್ಲ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್. ಅಮ್ಮ ಇಳಿಯೋದೇ ಬೇಡ ಅಂತಿದ್ದಾರೆ. ಮೇಲೆ ಏನು ಮಾಡಬಹುದು?

ಉತ್ತರ: ಅಮ್ಮ ಹೇಳಿದ್ದೇ ಸರಿ ಬಿಡಿ. ಅಂಚಿನ ಗುಂಟ ಸಾಗುವ ಹರ್ಮಿಟ್ ರಸ್ತೆಯಲ್ಲಿ ಪುಕ್ಕಟೆ ಬಸ್ ಇದೆ, ಹೋಪಿ ಪಾಯಿಂಟ್‌ನಲ್ಲಿ ಸೂರ್ಯಾಸ್ತ ನೋಡಿ. ಜುಲೈ ಮಧ್ಯಾಹ್ನ ಗುಡುಗು ಸಿಡಿಲು ಜಾಸ್ತಿ. ಗುಡುಗಿದರೆ ಫೋಟೋ ಬಿಟ್ಟು, ಅಂಚಿನಿಂದ ದೂರ ಬಂದು ಬಸ್ಸೋ ಕಟ್ಟಡವೋ ಸೇರಿಕೊಳ್ಳಿ. ಕೊನೆ ಗುಡುಗಾಗಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ.