ಕಾರವಾರದ ಹಾಸ್ಟೆಲಿಗೆ ಹೊಸ ಲ್ಯಾಪ್‌ಟಾಪ್, ಮನೆಯಲ್ಲಿ ಹಳೆಯ ಡೆಸ್ಕ್‌ಟಾಪ್: ಅನುಭವವುಳ್ಳವರು ತಿಳಿಸಿ

ಪ್ರಶ್ನೆ: ಶಿರಸಿ ತಾಲೂಕಿನ ಹಳ್ಳಿಯಿಂದ

ನಮಸ್ಕಾರ. ಮಗಳು ಕಾರವಾರದಲ್ಲಿ ಕಂಪ್ಯೂಟರ್ ಸೈನ್ಸ್ ಎಂಜಿನಿಯರಿಂಗ್‌ಗೆ ಸೇರಿದ್ದು, ಅಲ್ಲಿಯೇ ಹಾಸ್ಟೆಲಿನಲ್ಲಿದ್ದಾಳೆ. ಅವಳಿಗೆ 60,000 ರೂಪಾಯಿಯ ಆಸುಪಾಸಿನಲ್ಲಿ ಒಂದು ಲ್ಯಾಪ್‌ಟಾಪ್ ಕೊಡಿಸಬೇಕಾಗಿದೆ. ರ‍್ಯಾಮ್ (ಕೆಲಸದ ವೇಳೆಯ ಮೆಮೊರಿ) ಎಷ್ಟಿರಬೇಕು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕೇ, ಈಗ ಎಲ್ಲರೂ ಹೇಳುವ ‘ಎಐ ಪಿಸಿ’ಗಾಗಿ ಇನ್ನೊಂದು ವರ್ಷ ಕಾಯುವುದು ಒಳ್ಳೆಯದೇ ಎಂಬುದು ತಿಳಿಯುತ್ತಿಲ್ಲ. ಮನೆಯಲ್ಲಿ 2016ರಲ್ಲಿ ಕೊಂಡ, ಆರನೇ ತಲೆಮಾರಿನ ಐ3 ಪ್ರೊಸೆಸರಿನ ಡೆಸ್ಕ್‌ಟಾಪ್ ಇದೆ. ಅಡಿಕೆ ವ್ಯಾಪಾರದ ಲೆಕ್ಕ ಟ್ಯಾಲಿ ತಂತ್ರಾಂಶದಲ್ಲಿ, ಪತ್ರವ್ಯವಹಾರ ನುಡಿ ಎಂಬ ಕನ್ನಡ ಬರೆಯುವ ತಂತ್ರಾಂಶದಲ್ಲಿ, ಎಲ್ಲವೂ ವಿಂಡೋಸ್ 10ರ ಮೇಲೆ ನಡೆಯುತ್ತಿದೆ. ಅದನ್ನು ಇಟ್ಟುಕೊಳ್ಳಬಹುದೇ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಅವಸ್ಥೆ ನಿಮಗೆಲ್ಲ ಗೊತ್ತಿರುವುದೇ.

ಕುಮಟಾದಿಂದ, ಕಾಲೇಜು ಉಪನ್ಯಾಸಕಿ

ಮೊದಲೆರಡು ವರ್ಷ ಮಕ್ಕಳು ಬರೆಯುವ ಸಿ, ಪೈಥಾನ್, ಜಾವಾ ಪ್ರೋಗ್ರಾಮುಗಳಿಗೆ ಯಾವ ಯಂತ್ರವಾದರೂ ಸಾಕಾಗುತ್ತದೆ. ತೊಂದರೆ ಕಾಣಿಸಿಕೊಳ್ಳುವುದು ಮೂರನೇ ವರ್ಷದಲ್ಲಿ. ಆಂಡ್ರಾಯ್ಡ್ ಸ್ಟುಡಿಯೊದ ಎಮ್ಯುಲೇಟರ್ (ಪರದೆಯ ಮೇಲಿನ ನಕಲಿ ಫೋನ್), ವಿಂಡೋಸಿಗೆ ಬದಲಿಯಾದ ಲಿನಕ್ಸ್ ಓಡಿಸುವ ವರ್ಚುವಲ್ ಮಷಿನ್ (ಕಂಪ್ಯೂಟರಿನೊಳಗೊಂದು ಕಂಪ್ಯೂಟರ್), ಜೊತೆಗೆ ತೆರೆದಿಟ್ಟ ಬ್ರೌಸರ್ ಎಲ್ಲವೂ ಸೇರಿದಾಗ 8 ಜಿಬಿ ರ‍್ಯಾಮ್ ತುಂಬಿ, ಯಂತ್ರವು ಕಡತಗಳನ್ನಿಡುವ ಎಸ್‌ಎಸ್‌ಡಿಯನ್ನೇ ರ‍್ಯಾಮಿನಂತೆ ಬಳಸತೊಡಗುತ್ತದೆ. ಆಗ ಕೀಲಿ ಒತ್ತಿದ ಮೇಲೆ ಅಕ್ಷರ ಮೂಡಲಿಕ್ಕೂ ಕಾಯಬೇಕಾಗುತ್ತದೆ. ಆದ್ದರಿಂದ 16 ಜಿಬಿ ರ‍್ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿಗಿಂತ ಕೆಳಗೆ ಇಳಿಯಬೇಡಿ.

ಪ್ರೊಸೆಸರಿನ ಹೆಸರು ನೋಡುವಾಗ ‘ಐ5’, ‘ರೈಜನ್ 5’ ಎಂಬಷ್ಟಕ್ಕೇ ನಿಲ್ಲದೆ ಪೂರ್ತಿ ಸಂಖ್ಯೆಯನ್ನು ಓದಬೇಕು. ಎಎಂಡಿಯ 7000 ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ಮೂರನೇ ಅಂಕಿಯು ಒಳಗಿನ ವಿನ್ಯಾಸ ಎಷ್ಟು ಹಳೆಯದೆಂಬುದನ್ನು ಹೇಳುತ್ತದೆ. ರೈಜನ್ 5 7520ಯು ಎಂಬುದರಲ್ಲಿರುವ 2 ಎಂದರೆ 2019ರಲ್ಲಿ ಬಂದ ಝೆನ್ 2 ವಿನ್ಯಾಸ, ಅದರಲ್ಲಿ ನಾಲ್ಕು ಕೋರುಗಳು (ಲೆಕ್ಕ ಮಾಡುವ ಘಟಕಗಳು). 7530ಯು ಎಂಬುದರಲ್ಲಿ ಝೆನ್ 3 ವಿನ್ಯಾಸ ಮತ್ತು ಆರು ಕೋರುಗಳು. ಎರಡಕ್ಕೂ ಅಂಟಿಸುವ ಸ್ಟಿಕ್ಕರ್ ಮಾತ್ರ ‘ರೈಜನ್ 5’ ಎಂದೇ ಇರುತ್ತದೆ. ಮೇಲಾಗಿ 7520ಯು ಇರುವ ಯಂತ್ರಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದು ಬರುವುದರಿಂದ ಮುಂದೆ ಹೆಚ್ಚಿಸಲು ಬರುವುದಿಲ್ಲ.

ಪರದೆಯ ಬಗ್ಗೆ ಯಾರೂ ಕೇಳುವುದಿಲ್ಲ, ಆದರೆ ಮಕ್ಕಳು ದಿನವಿಡೀ ನೋಡುವುದು ಅದನ್ನೇ. ವಿವರಪಟ್ಟಿಯಲ್ಲಿ ‘45% ಎನ್‌ಟಿಎಸ್‌ಸಿ’ ಎಂದಿದ್ದರೆ ಬಣ್ಣಗಳು ಪೇಲವವಾಗಿರುತ್ತವೆ ಎಂದು ತಿಳಿಯಿರಿ. ಪ್ರೋಗ್ರಾಮ್ ಬರೆಯಲು ಅದು ಅಡ್ಡಿಯಲ್ಲ, ಆದರೆ ಚಿತ್ರ ಮತ್ತು ವಿನ್ಯಾಸದ ಆಸಕ್ತಿ ಇರುವವರಿಗೆ ಒಗ್ಗದು.

ಹೊನ್ನಾವರದವನು, ಸದ್ಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗ

ಎಐ ಪಿಸಿಯ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ಮೈಕ್ರೋಸಾಫ್ಟ್ 2024ರಲ್ಲಿ ‘ಕೋಪೈಲಟ್ ಪ್ಲಸ್ ಪಿಸಿ’ ಎಂಬ ವರ್ಗವನ್ನು ಘೋಷಿಸಿ, ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬಲ್ಲ ಎನ್‌ಪಿಯು ಎಂಬ ಘಟಕ, 16 ಜಿಬಿ ರ‍್ಯಾಮ್ ಹಾಗೂ 256 ಜಿಬಿ ಸಂಗ್ರಹ ಅದಕ್ಕೆ ಕನಿಷ್ಠ ಅರ್ಹತೆ ಎಂದು ಗೊತ್ತುಪಡಿಸಿತು. ಈ ಎನ್‌ಪಿಯು ವೀಡಿಯೊ ಕರೆಯಲ್ಲಿ ಹಿನ್ನೆಲೆಯನ್ನು ಮಸುಕುಗೊಳಿಸುವುದು, ಮಾತನ್ನು ಕೂಡಲೇ ಅಕ್ಷರಕ್ಕಿಳಿಸುವುದು ಮುಂತಾದ ಕೆಲಸಗಳನ್ನು ಬ್ಯಾಟರಿಯನ್ನು ಹೆಚ್ಚು ತಿನ್ನದೆ ಮಾಡುತ್ತದೆ. ಆದರೆ ಮಷಿನ್ ಲರ್ನಿಂಗ್ ಕಲಿಯುವ ವಿದ್ಯಾರ್ಥಿ ಬಳಸುವ ಪೈಥಾನ್ ಗ್ರಂಥಾಲಯಗಳು (ಸಿದ್ಧ ಪ್ರೋಗ್ರಾಮುಗಳ ಸಂಗ್ರಹಗಳು) ವೇಗಕ್ಕಾಗಿ ಮುಖ್ಯವಾಗಿ ನೆಚ್ಚಿಕೊಂಡಿರುವುದು ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡುಗಳ ಕುಡಾ ವ್ಯವಸ್ಥೆಯನ್ನು, ಎನ್‌ಪಿಯುವನ್ನಲ್ಲ. ಹೀಗಾಗಿ ಎನ್‌ಪಿಯು ಇರುವ ಯಂತ್ರ ಅದೇ ಬೆಲೆಗೆ ಸಿಕ್ಕರೆ ಸಂತೋಷ. ಅದಕ್ಕೆಂದು ಹತ್ತು ಸಾವಿರ ಹೆಚ್ಚು ಕೊಡುವುದು ನನ್ನ ದೃಷ್ಟಿಯಲ್ಲಿ ವ್ಯರ್ಥ.

ಹಾಗಾದರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಎಂದರೆ, ಈ ಬಜೆಟ್ಟಿನಲ್ಲಿ ಬೇಡವೆನ್ನುತ್ತೇನೆ. ಕಲಿಕೆಯ ಮಟ್ಟದ ಪ್ರಯೋಗಗಳಿಗೆ ಗೂಗಲ್ ಕೊಲ್ಯಾಬ್ ಎಂಬ ಆನ್‌ಲೈನ್ ಸೇವೆಯಲ್ಲಿ ಉಚಿತವಾಗಿ ದೊರೆಯುವ ಜಿಪಿಯು (ಗ್ರಾಫಿಕ್ಸ್ ಚಿಪ್) ಸಾಕಾಗುತ್ತದೆ. ಚ್ಯಾಟ್‌ಜಿಪಿಟಿಯಂಥದೇ ಪುಟ್ಟ ಭಾಷಾ ಮಾದರಿಯೊಂದನ್ನು ಸ್ವಂತ ಯಂತ್ರದಲ್ಲೇ ಓಡಿಸಿ ನೋಡುವ ಕುತೂಹಲವಿದ್ದರೂ ನಡೆಯುತ್ತದೆ. 800 ಕೋಟಿ ಪ್ಯಾರಾಮೀಟರಿನ (ಒಳಗಿನ ಸಂಖ್ಯೆಗಳ) ಮಾದರಿಯನ್ನು ಪ್ರತಿ ಸಂಖ್ಯೆಗೆ 4 ಬಿಟ್‌ಗೆ ಕುಗ್ಗಿಸಿದರೆ ಸುಮಾರು 5 ಜಿಬಿ ಜಾಗ ಹಿಡಿಯುತ್ತದೆ, 16 ಜಿಬಿಯ ಸಾಧಾರಣ ಲ್ಯಾಪ್‌ಟಾಪಿನಲ್ಲಿ ನಿಧಾನವಾಗಿಯಾದರೂ ಓಡುತ್ತದೆ. ಪ್ರತಿಯೊಂದು ಪದವನ್ನು ಹೊರಡಿಸುವಾಗಲೂ ಆ ಇಡೀ ಮಾದರಿಯನ್ನು ಮೆಮೊರಿಯಿಂದ ಓದಬೇಕಾಗುವುದರಿಂದ, ಅಲ್ಲಿ ವೇಗವನ್ನು ಕಟ್ಟಿಹಾಕುವುದು ರ‍್ಯಾಮಿನ ಗಾತ್ರ ಮತ್ತು ಓಟವೇ ಹೊರತು ಡಬ್ಬದ ಮೇಲೆ ಬರೆದ ‘ಎಐ’ ಅಲ್ಲ.

ಕಾಯುವ ಮಾತು. ಕಂಪ್ಯೂಟರ್ ವಿಷಯದಲ್ಲಿ ಕಾದಷ್ಟೂ ಅಗ್ಗ ಎಂಬ ನಂಬಿಕೆ ಬಹುಕಾಲ ನಿಜವಾಗಿತ್ತು, ಆದರೆ 2025ರ ಕೊನೆಯ ತಿಂಗಳುಗಳಿಂದ ರ‍್ಯಾಮಿನ ಬೆಲೆ ಏರಿದ ಪರಿ ಅದನ್ನು ಸುಳ್ಳು ಮಾಡಿದೆ. ಜಗತ್ತಿನ ಬಹುಪಾಲು ಮೆಮೊರಿ ಚಿಪ್ಪುಗಳನ್ನು ಮಾಡುವವರು ಸ್ಯಾಮ್ಸಂಗ್, ಎಸ್‌ಕೆ ಹೈನಿಕ್ಸ್ ಮತ್ತು ಮೈಕ್ರಾನ್ ಎಂಬ ಮೂವರೇ. ಎಐ ಡೇಟಾ ಸೆಂಟರುಗಳಿಗೆ ಬೇಕಾಗುವ ಮೆಮೊರಿಯಲ್ಲಿ ಲಾಭ ಹೆಚ್ಚಾದ್ದರಿಂದ ಅವರ ಕಾರ್ಖಾನೆಗಳು ಆ ಕಡೆಗೆ ತಿರುಗಿವೆ. ಮೈಕ್ರಾನ್ ಅಂತೂ 2025ರ ಡಿಸೆಂಬರಿನಲ್ಲಿ, ನಾವೆಲ್ಲ ಅಂಗಡಿಯಲ್ಲಿ ಕೊಳ್ಳುತ್ತಿದ್ದ ತನ್ನ ಕ್ರೂಶಿಯಲ್ ಹೆಸರಿನ ಮೆಮೊರಿ ವ್ಯವಹಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ಅಡಿಕೆ ಧಾರಣೆಯ ಏರಿಳಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಗಳಿಗೆ ಈಗ ಬೇಕಾಗಿದ್ದರೆ ಈಗಲೇ ಕೊಳ್ಳಿ.

ಇಂಟೆಲ್, ಎಎಂಡಿಗಿಂತ ಬೇರೆ ವಿನ್ಯಾಸದ ಸ್ನಾಪ್‌ಡ್ರಾಗನ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪುಗಳನ್ನೂ ಈಗ ತೋರಿಸುತ್ತಾರೆ. ಬ್ಯಾಟರಿ ಚೆನ್ನಾಗಿ ಬಾಳುತ್ತದೆ, ಆದರೆ ಕಾಲೇಜಿನ ಲ್ಯಾಬುಗಳಲ್ಲಿ ಬಳಸುವ ಹಳೆಯ ತಂತ್ರಾಂಶಗಳೂ ಡ್ರೈವರುಗಳೂ ಅದರಲ್ಲಿ ಕೈಕೊಡುವ ಸಾಧ್ಯತೆ ಇರುವುದರಿಂದ, ವಿಭಾಗದಲ್ಲಿ ವಿಚಾರಿಸದೆ ಅದರ ತಂಟೆಗೆ ಹೋಗಬೇಡಿ.

ಕೇಳಿದವರಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಅಂಗಡಿಯವರು ‘ಸದ್ಯ 8 ಜಿಬಿ ಇರಲಿ, ಮುಂದೆ ಬೇಕಾದರೆ ಹಾಕಿಸಿಕೊಳ್ಳಿ’ ಎನ್ನುತ್ತಿದ್ದಾರೆ. ಇನ್ನೊಂದು ಸಂಗತಿಯೆಂದರೆ, ಮನೆಯ ಇನ್ವರ್ಟರಿಗೇ ಡೆಸ್ಕ್‌ಟಾಪನ್ನು ಜೋಡಿಸಿದ್ದರೂ ಕರೆಂಟ್ ಹೋದ ಕೂಡಲೇ ಅದು ರೀಸ್ಟಾರ್ಟ್ ಆಗುತ್ತದೆ. ಬ್ಯಾಟರಿ ಹೊಸದು; ಫ್ಯಾನು, ದೀಪ ನಿಲ್ಲುವುದಿಲ್ಲ.

ಕಾರವಾರದಿಂದ, ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವವನು

ಇನ್ವರ್ಟರಿನ ಸಂಗತಿಯನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದಕ್ಕೆ ಖರ್ಚೇ ಇಲ್ಲದಿರಬಹುದು. ಮನೆಯ ಬಹುತೇಕ ಇನ್ವರ್ಟರುಗಳ ಹಿಂಬದಿಯಲ್ಲಿ ‘ಯುಪಿಎಸ್’ ಮತ್ತು ‘ನಾರ್ಮಲ್’ ಅಥವಾ ‘ಇಕೊ’ ಎಂಬ ಒಂದು ಸಣ್ಣ ಸ್ವಿಚ್ ಇರುತ್ತದೆ. ಕಂಪ್ಯೂಟರಿನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ವಿದ್ಯುತ್ ಒದಗಿಸುವ ಘಟಕ) ಕರೆಂಟ್ ಇಲ್ಲದೆ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಾಳಿಕೊಳ್ಳಬಲ್ಲದು. ನಾರ್ಮಲ್ ಮೋಡಿನಲ್ಲಿ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ದೀಪ ಒಮ್ಮೆ ಮಿಣುಕಿದ್ದು ಕಣ್ಣಿಗೆ ಬೀಳದಿದ್ದರೂ ಕಂಪ್ಯೂಟರಿಗೆ ಅಷ್ಟೇ ಸಾಕು. ಸ್ವಿಚ್ಚನ್ನು ಯುಪಿಎಸ್ ಕಡೆಗೆ ತಳ್ಳಿ ನೋಡಿ. ಆಗಲೂ ರೀಸ್ಟಾರ್ಟ್ ಆಗುವುದು ನಿಲ್ಲದಿದ್ದರೆ ಡೆಸ್ಕ್‌ಟಾಪಿಗೆ ಬೇರೆ 600 ವಿಎ ಯುಪಿಎಸ್ ಇಡಿ. ಅದರ ಮೇಲೆ 600 ಎಂದು ಬರೆದಿದ್ದರೂ ನಿಜವಾಗಿ ಹೊರುವುದು ಸಾಮಾನ್ಯವಾಗಿ 360 ವಾಟ್ ಆಗಿರುವುದರಿಂದ, ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಸಿಕ್ಕಿಸಬಾರದು.

ಸಿಡಿಲಿನ ವಿಚಾರದಲ್ಲಿ ಯುಪಿಎಸ್‌ನ ಮೇಲೆ ಭಾರ ಹಾಕಬೇಡಿ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್–ಮೇ ತಿಂಗಳಲ್ಲಿ ಮತ್ತು ಮಳೆ ಹಿಂದಿರುಗುವ ಅಕ್ಟೋಬರಿನಲ್ಲಿ, ಗುಡುಗು ಕೇಳಿಸಿದೊಡನೆ ಪ್ಲಗ್ ಕಿತ್ತಿಡುವುದೊಂದೇ ನಂಬಬಹುದಾದ ಉಪಾಯ. ಈಗ ಹಳ್ಳಿಗಳಿಗೂ ಫೈಬರ್ ಬಂದಿರುವುದರಿಂದ ಬಹಳ ಜನ ನಿಶ್ಚಿಂತರಾಗಿದ್ದಾರೆ. ಫೈಬರ್ ಗಾಜಿನ ಎಳೆಯಾದ್ದರಿಂದ ಅದರ ಮೂಲಕ ಸಿಡಿಲು ಬಾರದೆಂಬುದು ಸರಿ, ಆದರೆ ರೂಟರಿನ ಅಡಾಪ್ಟರ್ ಕರೆಂಟಿನ ತಂತಿಗೇ ಸಿಕ್ಕಿಕೊಂಡಿರುತ್ತದೆ, ಅಲ್ಲಿಂದ ಲ್ಯಾನ್ ಕೇಬಲಿನ ಮೂಲಕ ಮದರ್‌ಬೋರ್ಡಿಗೆ ಹೊಡೆತ ತಲುಪುತ್ತದೆ. ಲ್ಯಾನ್ ಪೋರ್ಟ್ ಮಾತ್ರ ಸತ್ತು ಉಳಿದೆಲ್ಲ ಸರಿಯಿರುವ ಯಂತ್ರಗಳು ನಮ್ಮ ಅಂಗಡಿಗೆ ಬರುವುದು ಹೀಗೆಯೇ. ಅರ್ಥಿಂಗ್ ಸರಿಯಿದೆಯೇ ಎಂಬುದನ್ನು ಊರಿನ ಇಲೆಕ್ಟ್ರಿಶಿಯನ್ನರಿಂದ ಒಮ್ಮೆ ಪರೀಕ್ಷೆ ಮಾಡಿಸಿ.

ಇನ್ನು ಕಾರವಾರದ ಹವೆ. ಘಟ್ಟದ ಮೇಲೆ ಬರೀ ಥಂಡಿ, ಇಲ್ಲಿ ಥಂಡಿಯ ಜೊತೆಗೆ ಉಪ್ಪು. ಸಮುದ್ರದಂಚಿನ ಮನೆಗಳಿಂದ ಬರುವ ಯಂತ್ರಗಳನ್ನು ಬಿಚ್ಚಿದರೆ ತಾಮ್ರದ ಮೇಲೆ ಹಸಿರು ಕಿಲುಬು, ಸ್ಕ್ರೂ ತಲೆಗಳಲ್ಲಿ ತುಕ್ಕು ಕಾಣಿಸುತ್ತದೆ. ಡೆಸ್ಕ್‌ಟಾಪ್ ಆನ್ ಮಾಡಿದರೆ ಬೀಪ್ ಸದ್ದು ಮಾತ್ರ ಬರುತ್ತಿದೆ, ಪರದೆ ಕಪ್ಪಗಿದೆ ಎಂದು ತಂದವರ ಎದುರಿನಲ್ಲಿಯೇ ರ‍್ಯಾಮ್ ಪಟ್ಟಿಯನ್ನು ಹೊರತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ತಿಕ್ಕಿ, ಪುಡಿಯನ್ನು ಬ್ರಷ್‌ನಿಂದ ಜಾಡಿಸಿ ಮತ್ತೆ ಕೂರಿಸಿದರೆ ಎಷ್ಟೋ ಸಲ ಯಂತ್ರ ಎದ್ದು ಕೂರುತ್ತದೆ. ಪ್ರತಿದಿನ ಓಡುವ ಯಂತ್ರ ತನ್ನ ಬಿಸಿಗೆ ತಾನೇ ಒಣಗಿಕೊಳ್ಳುತ್ತದೆ. ಹಾಳಾಗುವುದು ರಜೆಯಲ್ಲಿ ಬೀರುವಿನೊಳಗೆ ಮುಚ್ಚಿಟ್ಟದ್ದು. ಮಗಳಿಗೆ ಹೇಳಿ: ಹಾಸ್ಟೆಲಿನ ಕಿಟಕಿಯ ಬಳಿ ಇಡುವುದು ಬೇಡ, ಒದ್ದೆ ಕೊಡೆ ಇರುವ ಬ್ಯಾಗಿನಲ್ಲಂತೂ ಬೇಡವೇ ಬೇಡ.

ಅಂಗಡಿಯವರ ಮಾತಿಗೆ ಉತ್ತರ: ‘ಮುಂದೆ ಹಾಕಿಸಿಕೊಳ್ಳಿ’ ಎನ್ನುವವರಿಗೆ, ಒಳಗೆ ಖಾಲಿ ಸ್ಲಾಟ್ ಇದೆಯೇ ಎಂದು ಬಿಲ್ಲಿನ ಮೇಲೆ ಬರೆದುಕೊಡಲು ಹೇಳಿ. ಇದ್ದರೂ ಮೇಲಿನವರು ತಿಳಿಸಿದ ಬೆಲೆಯೇರಿಕೆಯಿಂದಾಗಿ ಈಗ ಬಿಡಿಯಾಗಿ ಕೊಳ್ಳುವುದು ಲಾಭವಲ್ಲ. ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಇಳಿದು 16 ಜಿಬಿ ತೆಗೆದುಕೊಳ್ಳಿ. ಟೈಪ್–ಸಿ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪನ್ನೇ ಆರಿಸಿ. ಚಾರ್ಜರ್ ಸುಟ್ಟರೆ 65 ವಾಟಿನ ಟೈಪ್–ಸಿ ಚಾರ್ಜರ್ ಊರಿನ ಅಂಗಡಿಯಲ್ಲಿಯೇ ಸಿಗುತ್ತದೆ, ಗುಂಡು ಪಿನ್ನಿನದಾದರೆ ಹುಬ್ಬಳ್ಳಿಯಿಂದ ತರಿಸುವವರೆಗೆ ಯಂತ್ರ ಮೂಲೆ ಸೇರುತ್ತದೆ.

ಸಿದ್ದಾಪುರದಿಂದ, ಸಹಕಾರಿ ಸಂಘವೊಂದರ ಲೆಕ್ಕಿಗ

ಹಳೆಯ ಡೆಸ್ಕ್‌ಟಾಪಿನ ಬಗ್ಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಘಟಕ ಮತ್ತು ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಬೇಕಾಗಿರುವುದರಿಂದ ತಮ್ಮ ಆರನೇ ತಲೆಮಾರಿನದು ಆ ಪಟ್ಟಿಯಲ್ಲಿಲ್ಲ. ಬಲವಂತವಾಗಿ ಹಾಕುವ ಯುಕ್ತಿಗಳಿವೆ. ಲೆಕ್ಕದ ಯಂತ್ರಕ್ಕೆ ಅಂಥ ಸರ್ಕಸ್ ಬೇಡವೆಂಬುದು ನನ್ನ ಅಭಿಪ್ರಾಯ. ಮನೆಬಳಕೆಯ ಯಂತ್ರಗಳಿಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್ ಯೋಜನೆಯಲ್ಲಿ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರ ವರೆಗೆ ಅಪ್‌ಡೇಟ್ ಬರುತ್ತದೆ. ಅಷ್ಟರೊಳಗೆ ಟ್ಯಾಲಿಯನ್ನು ಬೇರೆ ಯಂತ್ರಕ್ಕೆ ಸಾಗಿಸುವ ಏರ್ಪಾಟು ಮಾಡಿಕೊಳ್ಳಿ, ಏಕೆಂದರೆ ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು, ಲಿನಕ್ಸ್ ಹಾಕಿ ನೆಮ್ಮದಿಯಾಗಿರುವ ದಾರಿ ಲೆಕ್ಕದವರಿಗೆ ಸುಲಭವಲ್ಲ.

ಸಾಗಿಸುವ ಮುಂಚೆ ಎರಡು ವಿಷಯ ಗಮನಿಸಿ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಕಡತಗಳು ಹೊಸ ಯಂತ್ರದಲ್ಲಿ ಆ ಫಾಂಟಿಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣಿಸುತ್ತವೆ. ನುಡಿಯಲ್ಲೇ ಇರುವ ಪರಿವರ್ತಕದಿಂದ ಅವುಗಳನ್ನು ಈಗಲೇ ಎಲ್ಲ ಯಂತ್ರಗಳೂ ಓದಬಲ್ಲ ಯೂನಿಕೋಡಿಗೆ ಬದಲಾಯಿಸಿಡಿ. ಒತ್ತಕ್ಷರಗಳನ್ನೂ ಅಂಕಿಗಳನ್ನೂ ಮೂಲದೊಡನೆ ತಾಳೆ ನೋಡಿ. ಎರಡನೆಯದು ಪ್ರಿಂಟರ್. ತಮ್ಮಲ್ಲಿ ಅಗಲ ಪಿನ್ನಿನ ಪ್ಯಾರಲಲ್ ಕೇಬಲಿನ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದ್ದರೆ ಇಂದಿನ ಲ್ಯಾಪ್‌ಟಾಪುಗಳಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ.

ಆಮೇಲೆ ಆ ಡೆಸ್ಕ್‌ಟಾಪನ್ನು ಎಸೆಯಬೇಕಾಗಿಲ್ಲ. ಅದರಲ್ಲಿ ಇನ್ನೂ ಹಾರ್ಡ್ ಡಿಸ್ಕೇ ಇದ್ದರೆ ಒಂದು ಸಾಟಾ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ ಅನುಸ್ಥಾಪಿಸಿದರೆ ಓದಲಿಕ್ಕೆ, ಬ್ಯಾಂಕಿಂಗಿಗೆ, ಪತ್ರ ಬರೆಯಲಿಕ್ಕೆ ಇನ್ನೂ ಕೆಲವು ವರ್ಷ ಬಾಳುತ್ತದೆ.

ಯಲ್ಲಾಪುರದಿಂದ, ಇಬ್ಬರು ವಿದ್ಯಾರ್ಥಿಗಳ ತಾಯಿ

ಹೊಸದೇ ಬೇಕೆಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕಂಪನಿಗಳು ಬಳಸಿ ಬಿಟ್ಟ, ರಿಫರ್ಬಿಶ್ ಮಾಡಿದ (ದುರಸ್ತಿ ಮಾಡಿ ಮಾರುವ) ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್, ಬ್ಯಾಟರಿ, ಕೀಬೋರ್ಡ್ ಎಲ್ಲವನ್ನೂ ಬದಲಾಯಿಸಲು ಬರುವ ಮಾದರಿಗಳು ಅನೇಕವಿವೆ. ಮೊದಲ ಮಗನಿಗೆ ಅಂಥದ್ದನ್ನೇ ಕೊಡಿಸಿದೆ, ಅವನ ಓದು ಅದರಲ್ಲಿಯೇ ಮುಗಿಯಿತು. ಎಂಟನೇ ತಲೆಮಾರಿಗಿಂತ ಹಳೆಯದನ್ನು ಮಾತ್ರ ಮುಟ್ಟಬೇಡಿ. 2017ರಲ್ಲಿ ಬಂದ ಆ ತಲೆಮಾರಿನಿಂದಲೇ ತೆಳು ಲ್ಯಾಪ್‌ಟಾಪಿನ ಐ5ಗಳಲ್ಲಿ ಎರಡಿದ್ದ ಕೋರುಗಳು ನಾಲ್ಕಾದವು, ವಿಂಡೋಸ್ 11ರ ಗಡಿಯೂ ಅದೇ. ಕೊಳ್ಳುವ ಮುನ್ನ ವಿಂಡೋಸಿನ ಬ್ಯಾಟರಿ ವರದಿಯನ್ನು ತೆಗೆಸಿ, ಹೊಸದಾಗಿದ್ದಾಗಿನ ಸಾಮರ್ಥ್ಯ ಮತ್ತು ಈಗಿನ ಸಾಮರ್ಥ್ಯ ಎರಡನ್ನೂ ನೋಡಿ.

ಕಾರವಾರದ ರಿಪೇರಿ ಅಂಗಡಿಯಿಂದ ಮತ್ತೆ

ಅಕ್ಕ ಹೇಳಿದ್ದು ಸರಿ, ನಾನೂ ಅಂಥವನ್ನು ಮಾರುತ್ತೇನೆ. ಹೊಸದನ್ನೇ ಕೊಳ್ಳುವುದಾದರೆ ಒಂದು ಸೇರ್ಪಡೆ ಇದೆ: ಮನೆಗೇ ಬಂದು ದುರಸ್ತಿ ಮಾಡುವ ಆನ್‌ಸೈಟ್ ವಾರಂಟಿ ಹಾಸ್ಟೆಲಿನ ಪಿನ್ ಕೋಡಿಗೆ ಅನ್ವಯಿಸುತ್ತದೆಯೇ ಎಂದು ಕಂಪನಿಯ ಸಹಾಯವಾಣಿಗೆ ಕರೆ ಮಾಡಿಯೇ ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಮಳೆಯಲ್ಲಿ ಅರಬೈಲ್ ಘಟ್ಟ ಹತ್ತಿಸಿ ಹುಬ್ಬಳ್ಳಿಗೆ ಒಯ್ಯುವ ಕೆಲಸ ತಮ್ಮದೇ ಆಗುತ್ತದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಂಡು, ಅದೇ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಯಾವ ದಿನಾಂಕದಿಂದ ಶುರುವಾಗಿದೆ ನೋಡಿ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತಿದ್ದ ಯಂತ್ರಗಳಲ್ಲಿ ಕೆಲವೊಮ್ಮೆ ಅದು ಆಗಲೇ ಓಡತೊಡಗಿರುತ್ತದೆ. ಬಿಲ್ಲಿನ ಪ್ರತಿ ಕಳಿಸಿ ದಿನಾಂಕ ಸರಿಪಡಿಸುವಂತೆ ಕೊಂಡ ವಾರದಲ್ಲೇ ಕೇಳಿಕೊಳ್ಳಿ.