ಮ್ಯಾನೇಜರ್ ಕಿರುಕುಳ, ಈಗ ಪಿಐಪಿ: ಎಚ್‌ಆರ್‌ಗೆ ಬರೆಯುವ ಮುಂಚೆ ಏನು ಸಿದ್ಧ ಮಾಡಿಕೊಳ್ಳಬೇಕು?

ಹೊಂಗೆಮರ (ಪ್ರಶ್ನೆ):
ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ, ಸುಮಾರು 400 ಜನ ಇದ್ದಾರೆ. ಅಲ್ಲಿನ ಡೆವಲಪರ್ ಒಬ್ಬರ ಪರವಾಗಿ ಕೇಳುತ್ತಿದ್ದೇನೆ. ಮ್ಯಾನೇಜರ್ ಬೆಳಗಿನ ಚುಟುಕು ತಂಡ ಸಭೆ, ಅಂದರೆ ಸ್ಟ್ಯಾಂಡಪ್ ಕಾಲ್‌ನಲ್ಲಿ ಎಲ್ಲರೆದುರು ಏಕವಚನದಲ್ಲಿ ಬೈಯುತ್ತಾರೆ. ರಾತ್ರಿ 11 ಆದಮೇಲೆ ವಾಟ್ಸಾಪ್‌ನಲ್ಲಿ ಕೆಲಸ ಹೇಳಿ ಬೆಳಿಗ್ಗೆ 8ಕ್ಕೆ ಎಲ್ಲಿ ಅಂತ ಕೇಳುತ್ತಾರೆ. ರಜೆ ಅರ್ಜಿ ಹಾಗೇ ಕೊಳೆಯುತ್ತಿರುತ್ತದೆ. ಈಗ 60 ದಿನದ ಪಿಐಪಿ (ಗಡುವಿನೊಳಗೆ ಕೆಲಸ ಸುಧಾರಿಸಿಕೊಳ್ಳಿ ಎಂಬ ಯೋಜನೆ) ಕೊಟ್ಟು, "ನೀನಾಗೇ ರಾಜೀನಾಮೆ ಕೊಟ್ಟರೆ ಲೆಟರ್ ಚೆನ್ನಾಗಿ ಕೊಡ್ತೀವಿ" ಅಂದಿದ್ದಾರೆ. ಇದಕ್ಕೆ ಯಾವ ಕಾನೂನು ಬರುತ್ತದೆ? ದೂರು ಹೇಗೆ ಬರೆಯಬೇಕು? ರಾಜೀನಾಮೆ ಕೊಟ್ಟರೆ ಏನಾಗುತ್ತದೆ?

ಕಡತವಾಚಕ:
ಮೊದಲು ಬೇಸರದ ಸಂಗತಿ ಹೇಳಿಬಿಡುತ್ತೇನೆ. "ಕೆಲಸದ ಜಾಗದ ಕಿರುಕುಳ" ಎಂಬ ಹೆಸರಿನಲ್ಲೇ ಒಂದು ಕಾಯ್ದೆ ನಮ್ಮಲ್ಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ 190ನೇ ಒಪ್ಪಂದ ಮಾಡಿತು, 2021ರಲ್ಲಿ ಅದು ಜಾರಿಗೂ ಬಂತು. ಭಾರತ ಅದನ್ನು ಅನುಮೋದಿಸಿಲ್ಲ. ಹಾಗಾಗಿ ನಡೆದ ಘಟನೆಯ ಸ್ವರೂಪ ನೋಡಿ, ಅದಕ್ಕೆ ಹೊಂದುವ ಬಾಗಿಲು ಹುಡುಕಬೇಕು. ತಪ್ಪು ಬಾಗಿಲು ತಟ್ಟಿದರೆ ತಿಂಗಳುಗಟ್ಟಲೆ ವ್ಯರ್ಥ.

ಬೈಗುಳದಲ್ಲಿ ಲೈಂಗಿಕ ಛಾಯೆ ಇದ್ದು, ಕೇಳಿಸಿಕೊಂಡವರು ಮಹಿಳೆಯಾಗಿದ್ದರೆ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಬರುತ್ತದೆ. 10 ಅಥವಾ ಹೆಚ್ಚು ಜನ ಇರುವ ಕಡೆಯೆಲ್ಲ ಆಂತರಿಕ ಸಮಿತಿ ಇರಲೇಬೇಕು. ಘಟನೆಯಾದ 3 ತಿಂಗಳೊಳಗೆ ಲಿಖಿತ ದೂರು ಕೊಡಬೇಕು, ಸಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಆದರೆ ಬರೀ ಕೂಗಾಟ, ಬರೀ ಕೆಲಸದ ಹೊರೆ ಇದ್ದರೆ ಆ ಸಮಿತಿ "ನಮ್ಮ ವ್ಯಾಪ್ತಿಯದಲ್ಲ" ಎಂದು ವಾಪಸ್ ಕಳಿಸುತ್ತದೆ.

ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಹೀಯಾಳಿಸಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯ 3(1)(ಆರ್) ಮತ್ತು (ಎಸ್). ಇಲ್ಲಿ "ಸಾರ್ವಜನಿಕರ ಕಣ್ಣೆದುರು" ಎಂಬ ಮಾತು ನಿರ್ಣಾಯಕ. ಮುಚ್ಚಿದ ಕೋಣೆಯಲ್ಲಿ ಇಬ್ಬರೇ ಇದ್ದಾಗ ಆಡಿದ ಮಾತಿಗೆ ಈ ಕಲಂ ನಿಲ್ಲುವುದು ಕಷ್ಟ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಗವೈಕಲ್ಯದ ಕಾರಣಕ್ಕೆ ಆಗಿದ್ದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಇದೆ.

ಪೊಲೀಸ್ ಠಾಣೆಗೆ ಹೋಗುವ ಯೋಚನೆ ಹೆಚ್ಚಿನವರಿಗೆ ಬರುತ್ತದೆ. ಕೊಲ್ಲುತ್ತೇನೆ, ಕೈಕಾಲು ಮುರಿಸುತ್ತೇನೆ ಎಂಬಂಥ ಬೆದರಿಕೆ ಇದ್ದರೆ ಖಂಡಿತ ಹೋಗಿ, ಭಾರತೀಯ ನ್ಯಾಯ ಸಂಹಿತೆಯ (ಹಳೆಯ ದಂಡ ಸಂಹಿತೆ ಐಪಿಸಿಯ ಜಾಗಕ್ಕೆ ಬಂದದ್ದು) 351ನೇ ಕಲಂ ಇದೆ. ಬರೀ ಬೈಗುಳಕ್ಕೆ 352 ಹಾಕಿಸಲು ಹೊರಟರೆ ಸೋಲುವ ಸಂಭವವೇ ಹೆಚ್ಚು. 2025ರ ಫೆಬ್ರುವರಿಯಲ್ಲಿ ಸಿಕಂದರಾಬಾದಿನ ಸಂಸ್ಥೆಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕೆಲಸದ ಲೋಪಕ್ಕೆ ಮೇಲಧಿಕಾರಿ ಗದರಿದ್ದನ್ನು ಐಪಿಸಿಯ ಹಳೆಯ 504ರ "ಉದ್ದೇಶಪೂರ್ವಕ ಅವಮಾನ" ಎನ್ನಲಾಗದು ಎಂದು ಪ್ರಕರಣ ರದ್ದು ಮಾಡಿತು. 352 ಅಂದರೆ ಅದೇ 504ರ ಹೊಸ ಸಂಖ್ಯೆ.

ಆದ್ದರಿಂದ ನೀವು ಹೇಳಿದ ಸಂಗತಿಗೆ ಸರಿಯಾದ ಜಾಗ ಕುಂದುಕೊರತೆ ನಿವಾರಣಾ ಸಮಿತಿ. ಇದರ ಹೆಸರೇ ಐಟಿಯಲ್ಲಿ ಅನೇಕರು ಕೇಳಿಲ್ಲ. ಕರ್ನಾಟಕ ಸರ್ಕಾರ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ (ಕೆಲಸದ ಷರತ್ತುಗಳನ್ನು ಲಿಖಿತವಾಗಿ ನಿಗದಿ ಮಾಡುವ) ಕಾಯ್ದೆಯಿಂದ ವಿನಾಯಿತಿ ಕೊಟ್ಟು, 2024ರಲ್ಲಿ ಮತ್ತೆ 5 ವರ್ಷ ವಿಸ್ತರಿಸಿತಲ್ಲ, ಆ ವಿನಾಯಿತಿಯ ಷರತ್ತುಗಳಲ್ಲೇ ಈ ಸಮಿತಿ ಇತ್ತು. ಅಮಾನತು, ವಜಾ, ಹಿಂಬಡ್ತಿಯಂಥ ಕ್ರಮವನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕೆಂಬ ಷರತ್ತೂ ಇತ್ತು. 2025ರ ನವೆಂಬರ್ 21ರಿಂದ ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯ 4ನೇ ಕಲಮಿನ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಈ ಸಮಿತಿ ಕಡ್ಡಾಯ. ಮಾಲೀಕರ ಕಡೆಯವರು, ಕೆಲಸಗಾರರ ಕಡೆಯವರು ಸಮಾನ ಸಂಖ್ಯೆಯಲ್ಲಿ, ಒಟ್ಟು 10 ಮೀರದಂತೆ ಇರಬೇಕು. ಅರ್ಜಿಗೆ 1 ವರ್ಷದ ಗಡುವು, ತೀರ್ಮಾನಕ್ಕೆ 30 ದಿನ. ತೃಪ್ತಿಯಾಗದಿದ್ದರೆ 60 ದಿನದೊಳಗೆ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗೆ ಅರ್ಜಿ, ನೀವು ಸದಸ್ಯರಾಗಿರುವ ಯೂನಿಯನ್ ಮೂಲಕ ಹಾಕಬಹುದು.

"ಡೆವಲಪರ್ ಕಾರ್ಮಿಕನೇ?" ಎಂದು ಕಂಪನಿ ವಾದ ಮಾಡುತ್ತದೆ. ಹುದ್ದೆಯ ಹೆಸರು ಮುಖ್ಯವಲ್ಲ, ಮಾಡುವ ಕೆಲಸ ಮುಖ್ಯ. ತಾಂತ್ರಿಕ ಕೆಲಸ ಮಾಡುವವರು ಸಂಹಿತೆಯ ವ್ಯಾಖ್ಯೆಯೊಳಗೇ ಇದ್ದಾರೆ. 18,000 ರೂಪಾಯಿ ಮಿತಿ ಇರುವುದು ಮೇಲ್ವಿಚಾರಣೆ ಮಾಡುವವರಿಗೆ. ಕಾರ್ಡಿನಲ್ಲಿ "ಲೀಡ್" ಎಂದಿದ್ದು, ಯಾರ ರಜೆ ಮಂಜೂರು ಮಾಡುವ, ಯಾರ ಅಪ್ರೈಸಲ್ ಬರೆಯುವ ಅಧಿಕಾರವೂ ಇಲ್ಲದಿದ್ದರೆ ಅದನ್ನು ತೋರಿಸುವ ದಾಖಲೆ ಇಟ್ಟುಕೊಳ್ಳಿ.

ಬಿಳಿಹಾಳೆ:
ಕಾನೂನು ಮೇಲಿನವರು ಹೇಳಿದ್ದಾರೆ. ಎಚ್‌ಆರ್ ವಿಚಾರಣೆ ಒಳಗೆ ಹೇಗೆ ನಡೆಯುತ್ತದೆ ಅನ್ನುವುದನ್ನು ನಾನು ಬರೆಯುತ್ತೇನೆ, ಯಾಕೆಂದರೆ ನಿಜವಾದ ದೂರುಗಳು ಬಿದ್ದುಹೋಗುವುದು ಅಲ್ಲೇ.

"ಮ್ಯಾನೇಜರ್ ತುಂಬಾ ಟಾರ್ಚರ್ ಕೊಡುತ್ತಾರೆ, ಟಾಕ್ಸಿಕ್" ಎಂದು ನಾಲ್ಕು ಪುಟ ಬರೆದರೆ ವಿಚಾರಣೆ ಮಾಡುವವರ ಕೈಗೆ ಏನೂ ಸಿಗುವುದಿಲ್ಲ. ಆ ಕಡೆಯಿಂದ "ನಾನು ಸ್ವಲ್ಪ ಕಟ್ಟುನಿಟ್ಟು" ಎಂಬ ಒಂದೇ ವಾಕ್ಯ ಬರುತ್ತದೆ, ಕಡತ ಮುಚ್ಚುತ್ತದೆ. ಬದಲಿಗೆ ಒಂದು ಘಟನೆಗೆ ಒಂದು ನಮೂದು, ಅದೇ ದಿನ ಬರೆದಿಡಿ. ಹೀಗೆ:

"ಮಾರ್ಚ್ 4, ಬುಧವಾರ, ಬೆಳಿಗ್ಗೆ 10.40. ಸ್ಟ್ಯಾಂಡಪ್ ಕಾಲ್, 9 ಜನ ಇದ್ದರು (ಹೆಸರುಗಳು). ಬಿಲ್ಡ್ ಫೇಲಾದ ಬಗ್ಗೆ ಕೇಳಿ, 'ತಲೇಲಿ ಸೆಗಣಿ ತುಂಬಿದೆಯಾ ನಿಂಗೆ' ಎಂದರು. ಫೇಲಾದದ್ದು ಪೇಮೆಂಟ್ ಮಾಡ್ಯೂಲಿನಿಂದ, ನನ್ನದಲ್ಲ. ಟಿಕೆಟ್ ಸಂಖ್ಯೆ ಇಂಥದ್ದು. 11.15ಕ್ಕೆ ಚಾಟ್‌ನಲ್ಲಿ ಅದನ್ನು ತಿಳಿಸಿದೆ, ಉತ್ತರ ಬರಲಿಲ್ಲ."

ಆಡಿದ ಮಾತನ್ನು ಇದ್ದಹಾಗೇ ಬರೆಯಿರಿ, ಸಭ್ಯವಾಗಿ ತಿದ್ದಬೇಡಿ. "ಅವಾಚ್ಯವಾಗಿ ನಿಂದಿಸಿದರು" ಅಂದರೆ ಅದು ನಿಮ್ಮ ಅಭಿಪ್ರಾಯವಾಗುತ್ತದೆ. ಇಂಥ ಏಳೆಂಟು ನಮೂದು ಸಾಕು. ಪದೇ ಪದೇ ನಡೆಯುತ್ತಿದೆ, ಒಬ್ಬರ ಮೇಲೇ ನಡೆಯುತ್ತಿದೆ ಎಂಬುದು ದಿನಾಂಕಗಳಿಂದಲೇ ಕಾಣಿಸುತ್ತದೆ. ಅದೇ ತಪ್ಪಿಗೆ ಬೇರೆಯವರನ್ನು ಹೇಗೆ ನಡೆಸಿಕೊಂಡರು ಅನ್ನುವ ಒಂದು ಉದಾಹರಣೆ ಇದ್ದರೆ ದೂರಿನ ತೂಕವೇ ಬೇರೆ.

ದೊಡ್ಡ ಎಡವಟ್ಟು ಒಂದಿದೆ: ಆಫೀಸ್ ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡುವುದು. ಡೇಟಾ ಸೋರಿಕೆ ತಡೆಯುವ ಸಾಫ್ಟ್‌ವೇರ್ ಅದನ್ನು ಹಿಡಿಯುತ್ತದೆ, ದೂರು ಕೊಟ್ಟವರೇ ಆರೋಪಿ ಆಗುತ್ತಾರೆ. ಮೇಲ್‌ನ ದಿನಾಂಕ, ಸಮಯ, ವಿಷಯದ ಸಾಲು, ಯಾರಿಗೆ ಹೋಗಿತ್ತು, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ದೂರಿನಲ್ಲಿ "ಈ ಕೆಳಗಿನ ಮೇಲ್ ಮತ್ತು ಚಾಟ್‌ಗಳನ್ನು ಅಳಿಸದೆ ಕಾಪಾಡಿ" ಎಂದು ಪಟ್ಟಿ ಕೊಡಿ. ಎಷ್ಟೋ ಕಂಪನಿಗಳಲ್ಲಿ ಚಾಟ್ ಕೆಲವು ತಿಂಗಳಿಗೆ ತಾನಾಗಿ ಅಳಿಯುವಂತೆ ಇಟ್ಟಿರುತ್ತಾರೆ, ಅದಕ್ಕೇ ತಡಮಾಡಬೇಡಿ.

ದೂರು ಎರಡು ಪುಟ ಮೀರದಿರಲಿ. ಕಂಪನಿಯ ನಡವಳಿಕೆ ಸಂಹಿತೆಯ ಯಾವ ಅಂಶ ಮುರಿದಿದೆ ಎಂದು ಅದರ ಸಂಖ್ಯೆ ಹಾಕಿ. ಕೊನೆಯಲ್ಲಿ ಬೇಕಾದದ್ದನ್ನು ನೇರವಾಗಿ ಕೇಳಿ: ವಿಚಾರಣೆ ಮುಗಿಯುವವರೆಗೆ ಬೇರೆ ರಿಪೋರ್ಟಿಂಗ್, ಪಿಐಪಿಯ ಮೌಲ್ಯಮಾಪನ ಬೇರೊಬ್ಬರಿಂದ, ಲಿಖಿತ ಉತ್ತರ ಯಾವ ದಿನಾಂಕದೊಳಗೆ. ಮೊದಲ ಪತ್ರದಲ್ಲೇ ಕೋರ್ಟು, ಟ್ವಿಟರ್ ಎಂದು ಹೆದರಿಸಬೇಡಿ. ಕಡತ ಲೀಗಲ್ ವಿಭಾಗಕ್ಕೆ ಹೋಗಿ, ವಿಷಯಕ್ಕಿಂತ ಕಂಪನಿಯ ರಕ್ಷಣೆ ಮುಖ್ಯವಾಗಿಬಿಡುತ್ತದೆ.

ಪಿಐಪಿಗೆ ಎರಡು ದಿನದೊಳಗೆ ಮೇಲ್‌ನಲ್ಲಿ ಉತ್ತರಿಸಿ. "ಕ್ಲೈಂಟ್ ತೃಪ್ತಿ ಸುಧಾರಿಸಬೇಕು", "ಹೆಚ್ಚು ಜವಾಬ್ದಾರಿ ತೋರಬೇಕು" ಎಂಬಂಥ ಗುರಿಗಳನ್ನು ಅಳೆಯಲು ಆಗುವುದಿಲ್ಲ. ಪ್ರತಿಯೊಂದಕ್ಕೂ ಅಳತೆ ಏನು, ಯಾರು ಅಳೆಯುತ್ತಾರೆ, ವಾರದ ಪರಿಶೀಲನೆ ಯಾವ ದಿನ ಎಂದು ಕೇಳಿ. "ಸ್ವೀಕರಿಸಿದ್ದೇನೆ, ಒಪ್ಪಿದ್ದೇನೆ ಎಂದರ್ಥವಲ್ಲ" ಎಂಬ ಸಾಲು ಸಹಿಯ ಪಕ್ಕದಲ್ಲೇ ಇರಲಿ.

ತುಂಗಾತೀರ:
ರಾಜೀನಾಮೆ ಬಗ್ಗೆ. ದಯವಿಟ್ಟು ಆ ಮೀಟಿಂಗ್ ಕೋಣೆಯಲ್ಲಿ ಕೂತು ಟೈಪ್ ಮಾಡಬೇಡಿ. "ವೈಯಕ್ತಿಕ ಕಾರಣ" ಎಂದು ಬರೆದುಕೊಟ್ಟರೆ ಮುಂದೆ "ಬಲವಂತ ಮಾಡಿದರು" ಎಂದು ಸಾಬೀತು ಮಾಡುವ ಭಾರ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ. ಮನೆಗೆ ಬಂದು ಅದೇ ದಿನ ಮೇಲ್ ಹಾಕಿ: "ಇಂದು ಮಧ್ಯಾಹ್ನ 3ರ ಸಭೆಯಲ್ಲಿ ರಾಜೀನಾಮೆ ಕೊಡುವಂತೆ ಹೇಳಲಾಯಿತು. ನನಗೆ ಆ ಉದ್ದೇಶವಿಲ್ಲ, ಕೆಲಸ ಮುಂದುವರಿಸುತ್ತೇನೆ."

ಈಗಾಗಲೇ ಕೊಟ್ಟುಬಿಟ್ಟಿದ್ದರೂ ದಾರಿ ಮುಚ್ಚಿಲ್ಲ. ಅಂಗೀಕಾರವಾಗಿದೆ ಎಂದು ತಿಳಿಸುವ ಮುಂಚೆಯೇ ಲಿಖಿತವಾಗಿ ಹಿಂತೆಗೆದುಕೊಳ್ಳಿ. 2024ರ ಸೆಪ್ಟೆಂಬರ್‌ನಲ್ಲಿ ಕೊಂಕಣ ರೈಲ್ವೆ ನೌಕರರೊಬ್ಬರ ಪ್ರಕರಣದಲ್ಲಿ, ಅಂಗೀಕಾರದ ಪತ್ರ ನೌಕರನಿಗೆ ತಲುಪದೆ ಒಳಗೇ ಓಡಾಡಿದ್ದರೆ ಅದು ಅಂಗೀಕಾರವಾಗದು ಎಂದು ಸುಪ್ರೀಂ ಕೋರ್ಟ್ ಹಿಂತೆಗೆತವನ್ನು ಎತ್ತಿಹಿಡಿಯಿತು.

ಕೆಲಸದಿಂದ ತೆಗೆದೇಬಿಟ್ಟರೆ ಅದನ್ನು ಒಬ್ಬರೇ ವಿವಾದವಾಗಿ ಒಯ್ಯಬಹುದು. ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೇರ ಕೈಗಾರಿಕಾ ನ್ಯಾಯಮಂಡಳಿಗೆ, ತೆಗೆದ ದಿನದಿಂದ 2 ವರ್ಷದೊಳಗೆ. ಬೆಂಗಳೂರಿನಲ್ಲಿ ಡೇರಿ ಸರ್ಕಲ್ ಬಳಿಯ ಕಾರ್ಮಿಕ ಭವನದಲ್ಲಿ ನಿಮ್ಮ ವಲಯದ ಅಧಿಕಾರಿ ಯಾರೆಂದು ವಿಚಾರಿಸಿ. ಐಟಿ ನೌಕರರ ಯೂನಿಯನ್ ಕೆಐಟಿಯು ಇಂಥ ಅರ್ಜಿಗಳನ್ನು ಒಯ್ಯುತ್ತದೆ. ಬಾಕಿ ವೇತನವನ್ನು ಕೆಲಸ ಬಿಟ್ಟ 2 ಕೆಲಸದ ದಿನಗಳೊಳಗೆ ಕೊಡಬೇಕು ಎಂದು ವೇತನ ಸಂಹಿತೆ ಹೇಳುತ್ತದೆ. "45 ದಿನ ಆಗುತ್ತೆ" ಅಂದರೆ ಆ ಕಲಂ 17 ತೋರಿಸಿ.

ಹೊಂಗೆಮರ:
ತುಂಬಾ ಉಪಕಾರವಾಯಿತು. ಎರಡು ಸಂದೇಹ: ಕಾಲ್ ರೆಕಾರ್ಡ್ ಮಾಡಿಕೊಳ್ಳಬಹುದೇ? ಅವರಿಗೆ ಎರಡು ವಾರದಿಂದ ನಿದ್ದೆಯೇ ಇಲ್ಲ, ರಜೆ ಹಾಕಿದರೆ ಪಿಐಪಿಗೆ ತೊಂದರೆಯೇ?

ಕಡತವಾಚಕ:
ತಾವೂ ಇರುವ ಮಾತುಕತೆಯ ರೆಕಾರ್ಡಿಂಗನ್ನು ಕೋರ್ಟುಗಳು ಸಾಕ್ಷ್ಯವಾಗಿ ನೋಡುತ್ತವೆ. ಆದರೆ ಕಂಪನಿ ನಿಯಮದಲ್ಲಿ ಅದು ದುರ್ನಡತೆ ಆಗಿರಬಹುದು, ಮೊದಲು ನಿಯಮ ಓದಿ. ಆಫೀಸ್ ಲ್ಯಾಪ್‌ಟಾಪ್‌ನಲ್ಲಂತೂ ಬೇಡ. ವಾಟ್ಸಾಪ್‌ಗೆ ಸ್ಕ್ರೀನ್‌ಶಾಟ್ ಸಾಲದು. ಚಾಟ್ ಎಕ್ಸ್‌ಪೋರ್ಟ್ ಮಾಡಿ, ಸಂದೇಶ ತಾನಾಗಿ ಮಾಯವಾಗುವ ಸೆಟ್ಟಿಂಗ್ ಆಫ್ ಮಾಡಿ, ಆ ಫೋನನ್ನು ಮಾರಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಹ್ಯಾಶ್ ಮೌಲ್ಯ (ಫೈಲ್ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಬೇಕು, ಅದನ್ನು ಮೂಲ ಫೈಲಿನಿಂದಲೇ ತೆಗೆಯಬೇಕು.

ನಿದ್ದೆಯ ವಿಷಯ ಮೊದಲು ನೋಡಿ, ಕಾಗದ ಆಮೇಲೆ. ಇವತ್ತೇ ವೈದ್ಯರನ್ನು ಕಾಣಲಿ, ರಾತ್ರಿ ಕಷ್ಟವಾದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಚೀಟಿಯ ಮೇಲೆ ದಿನಾಂಕ ಇರಲಿ. ವೈದ್ಯಕೀಯ ರಜೆಯನ್ನು ಮೇಲ್‌ನಲ್ಲೇ ಕೇಳಿ, ಅಷ್ಟೂ ದಿನ ಪಿಐಪಿ ಅವಧಿಯನ್ನು ಮುಂದಕ್ಕೆ ಹಾಕಬೇಕೆಂದು ಅದೇ ಮೇಲ್‌ನಲ್ಲಿ ಬರೆದು, ಎಚ್‌ಆರ್‌ಗೂ ಪ್ರತಿ ಹಾಕಿ.