ಮಗಳ ಹಾಗೆ ನಿಶ್ಚಿಂತೆಯಿಂದ ನಂಬೋಕೆ ನನಗೆ ಯಾಕೆ ಆಗ್ತಿಲ್ಲ?

ಬೆಟಗೇರಿ_ಅಮ್ಮ:
ಎಲ್ಲರಿಗೂ ವಂದನೆ. ಅಪ್ಪನಿಗೆ ಮುಂದಿನ ವಾರ ಹುಬ್ಬಳ್ಳಿಯಲ್ಲಿ ಬೈಪಾಸ್ ಆಪರೇಷನ್. ನನ್ನ ಮಗಳು ಎರಡನೇ ಕ್ಲಾಸು. ರಾತ್ರಿ ಹಾಸಿಗೆ ಮೇಲೆ ಕೂತು, "ಯೇಸಪ್ಪಾ, ಅಜ್ಜನ್ನ ಆರಾಮ ಮಾಡು, ಅವನ ಜೋಡಿ ನಾ ಗಿರ್ಮಿಟ್ ತಿನ್ನಾಕ ಹೋಗಬೇಕು, ಆಮೆನ್" ಅಂದು ಮಲಗಿಬಿಡುತ್ತಾಳೆ. ಆಗಲೇ ಗೊರಕೆ. ನಾನೂ ಅದೇ ಪ್ರಾರ್ಥನೆ ಮಾಡುತ್ತೇನೆ. ಆಮೇಲೆ ಮೊಬೈಲ್ ತೆಗೆದು, ಶುಗರ್ ಇದ್ದವರು ಈ ಆಪರೇಷನ್ ತಡೆದುಕೊಳ್ತಾರಾ ಅಂತ ಹುಡುಕುತ್ತಾ ಕೂರುತ್ತೇನೆ.

ಮೊನ್ನೆ ಪ್ರಾರ್ಥನಾ ಕೂಟದಲ್ಲಿ ಇದನ್ನು ಹೇಳಿಕೊಂಡೆ. ಒಬ್ಬ ಅಣ್ಣ ಬೈಬಲಿನ ಯಾಕೋಬ 1:6 ತೆಗೆದು, ಸಂಶಯಪಡುವವನು ಸಮುದ್ರದ ತೆರೆ ಇದ್ದ ಹಾಗೆ, ಅವನಿಗೆ ಏನೂ ಸಿಗಲ್ಲ ಅಂದರು. ಆಪರೇಷನ್ ಮಾಡಿಸೋದೇ ಅಪನಂಬಿಕೆ ಅಂತ ಇನ್ನೊಬ್ಬರು ಸೇರಿಸಿದರು. ಹಾಗಾದರೆ ಅಪ್ಪನಿಗೆ ಏನಾದರೂ ಆದರೆ ನನ್ನ ನಂಬಿಕೆ ಸಾಲದ್ದಕ್ಕೇ ಆಯಿತು ಅಂತಲಾ? ಮಕ್ಕಳಂತೆ ಆಗಬೇಕು ಅಂತ ಮತ್ತಾಯ 18ರಲ್ಲಿ ಇದೆಯಲ್ಲ, ಅದು ದೊಡ್ಡವರಿಗೆ ಆಗೋ ಮಾತಾ?

ಧಾರವಾಡ_ತಮ್ಮ:
ಅಕ್ಕಾ, ಜಾಸ್ತಿ ಯೋಚನೆ ಮಾಡಬೇಡಿ. ಸುಮ್ನೆ ನಂಬಿ, ಮೊಬೈಲ್ ಆಫ್ ಮಾಡಿ ಮಲಗಿ. ಪ್ರಾರ್ಥನೆ ಮಾಡ್ತೇನೆ.

ಕೇಶ್ವಾಪುರ_ಸಿಸ್ಟರ್:
ತಮ್ಮಾ, ಸುಮ್ನೆ ನಂಬೋಕೆ ಬಂದಿದ್ದರೆ ಅವರು ಇಲ್ಲಿ ಕೇಳ್ತಿದ್ದರಾ?

ನೋಡವ್ವಾ, ನಾನು ನರ್ಸ್ ಆಗಿ ರಿಟೈರ್ ಆದವಳು. ಮಕ್ಕಳಿಗೆ ಲಸಿಕೆ ಹಾಕಿಯೇ ಕೈ ಸವೆದಿದೆ. ಮಕ್ಕಳ ನಂಬಿಕೆ ಅಂದರೆ ಎಲ್ಲರೂ ನಿನ್ನ ಮಗಳ ಗೊರಕೆಯನ್ನೇ ನೆನೆಸಿಕೊಳ್ಳುತ್ತಾರೆ. ನನಗೆ ಇಂಜೆಕ್ಷನ್ ಕೋಣೆ ನೆನಪಾಗುತ್ತದೆ. ಕೂಸಿನ ತೊಡೆಯನ್ನು ಗಟ್ಟಿಯಾಗಿ ಹಿಡಿಯುವವಳು ಅವರವ್ವನೇ. ಸೂಜಿ ಚುಚ್ಚಿದ ಕೂಡಲೇ ಕೂಸು ಓಣಿಗೆಲ್ಲ ಕೇಳುವ ಹಾಗೆ ಚೀರುತ್ತದೆ. ಸಿಟ್ಟಿಗೆ ಅವ್ವನಿಗೇ ಹೊಡೆಯುತ್ತದೆ. ಹೊಡೆಯುತ್ತಲೇ ಅವಳ ಕೊರಳಿಗೆ ಜೋತು ಬೀಳುತ್ತದೆ, ಬಿಡಿಸಿದರೂ ಬಿಡಲ್ಲ. ಅದಕ್ಕೆ ಲಸಿಕೆ ಯಾಕೆ ಅಂತ ಗೊತ್ತಿಲ್ಲ, ನೋವಾಗಲ್ಲ ಅನ್ನೋ ಧೈರ್ಯವೂ ಇಲ್ಲ. ಅವ್ವ ಮಾತ್ರ ಗೊತ್ತು. ನನ್ನ ಕೇಳಿದರೆ ಅದೂ ಮಕ್ಕಳ ನಂಬಿಕೆಯೇ. ನಿನಗೆ ಅಳು ಬಂದರೆ ದೇವರ ಮುಂದೆ ಅಳು. 13ನೇ ಕೀರ್ತನೆ ಶುರುವಾಗೋದೇ ಎಷ್ಟರ ತನಕ ನನ್ನನ್ನು ಮರೆತಿರುತ್ತೀ ಅಂತ.

ಇನ್ನು ಯಾಕೋಬ. ಆ ಅಣ್ಣ ಒಂದು ವಚನ ಮೇಲಿಂದ ಓದಬೇಕಿತ್ತು. 5ನೇ ವಚನದಲ್ಲಿ ಮಾತು ಬಂದಿರೋದು ಜ್ಞಾನ ಕೇಳಿಕೊಳ್ಳುವ ಬಗ್ಗೆ, ಕಾಯಿಲೆ ವಾಸಿಯಾಗೋ ಬಗ್ಗೆ ಅಲ್ಲ. ಕೇಳಿದವರನ್ನು ದೇವರು ಹಂಗಿಸದೆ ಕೊಡುತ್ತಾನೆ ಅಂತ ಅಲ್ಲೇ ಇದೆ. ಹಂಗಿಸುವ ಕೆಲಸ ಕೂಟದವರು ಯಾಕೆ ಮಾಡಬೇಕು? (ನನಗೂ ಸಿಟ್ಟು ಬಂತು, ಕ್ಷಮಿಸಿ.)

ಆಪರೇಷನ್ ಅಪನಂಬಿಕೆ ಅಂದವರಿಗೆ ನಿಮ್ಮ ಊರಿನ ಕಥೆಯನ್ನೇ ಹೇಳು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1841ರಲ್ಲಿ ಬೆಟಗೇರಿಗೆ ಬಂದರು. ಸುವಾರ್ತೆ ಸಾರಿದವರೇ ಬೆಟಗೇರಿಯಲ್ಲಿ ಆಸ್ಪತ್ರೆಯನ್ನೂ ಕಟ್ಟಿದರು. ಅವರಿಗೇನು ನಂಬಿಕೆ ಕಡಿಮೆ ಇತ್ತಾ?

ಹಾವೇರಿ_ಮಾಸ್ತರ:
ಮಾರ್ಕ 9ನ್ನೂ ಓದಿ, ತಂಗಿ. ಮಗನನ್ನು ಕರೆದುಕೊಂಡು ಬಂದ ಆ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಒಂದೇ ಉಸಿರಿಗೆ ಎರಡನ್ನೂ ಹೇಳಿದ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಹುಡುಗ ವಾಸಿಯಾದ. ಹಾಗಂತ ಕೇಳಿದ್ದೆಲ್ಲ ಸಿಗುತ್ತದೆ ಅಂತ ನಾನು ಹೇಳಲಾರೆ. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ತಾನೇ, ತಂದೆಯೇ, ಈ ಪಾತ್ರೆ ತೆಗೆದುಬಿಡು ಅಂತ, ಅಂದರೆ ಈ ಕಷ್ಟ ತಪ್ಪಿಸು ಅಂತ ಬೇಡಿದ. ತೆಗೆಯಲಿಲ್ಲ. ದೇವರ ಮಗನಿಗಿಂತ ನಂಬಿಕೆ ಯಾರಿಗಿತ್ತು ಹೇಳಿ? ಏನೇ ಆದರೂ ಲೆಕ್ಕ ನಿಮ್ಮ ತಲೆ ಮೇಲೆ ಬರೋದಿಲ್ಲ.

ಬೆಟಗೇರಿ_ಅಮ್ಮ:
ಸಿಸ್ಟರ್, ಮಾಸ್ತರೇ, ಓದುತ್ತಾ ಅತ್ತುಬಿಟ್ಟೆ. ಸೋಮವಾರ ಅಡ್ಮಿಟ್ ಮಾಡುತ್ತೇವೆ, ಫಾರ್ಮ್‌ಗೆ ನಾನೇ ಸಹಿ ಹಾಕುತ್ತೇನೆ. ಆ ಅಣ್ಣ ಅಪ್ಪನ್ನ ನೋಡೋಕೆ ನಾಳೆ ಮನೆಗೆ ಬರ್ತಾರಂತೆ. 5ನೇ ವಚನ ತೋರಿಸಲಾ?

ಕೇಶ್ವಾಪುರ_ಸಿಸ್ಟರ್:
ತೋರಿಸು. ಆದರೆ ಮೊದಲು ಊಟಕ್ಕೆ ಹಾಕು. ಮತ್ತೆ, ಅಪ್ಪನ ಶುಗರ್ ಗುಳಿಗೆ ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರನ್ನು ಇವತ್ತೇ ಕೇಳು, ಅದನ್ನು ಮೊಬೈಲಲ್ಲಿ ಹುಡುಕಬೇಡ.